ಮುರಿದ ಜೋಡಿ, ಮುರಿಯದ ಹಾಡು

ಸಿನಿಮಾಕ್ಕೆ ಹೋಗುವ ಮುಂಚೆಯೇ ಕ್ಲೈಮ್ಯಾಕ್ಸ್ ಹೇಳಿಬಿಡುವ ಗೆಳೆಯನನ್ನು ಯಾರು ತಾನೇ ಸಹಿಸ್ತಾರೆ ಸ್ವಾಮಿ? ‘ಅಂಕಲ್ ಟುಪೆಲೊ’ ತಂಡದ ವಿಷಯದಲ್ಲಿ ನನಗೆ ಮೊದಲು ಸಿಕ್ಕಿದ್ದೇ ಕ್ಲೈಮ್ಯಾಕ್ಸ್!

ಅಮೆರಿಕದ ಇಲಿನಾಯ್ ರಾಜ್ಯದ ಬೆಲ್‌ವಿಲ್ ಊರಿನ ಹುಡುಗರು. ಜೇ ಫರಾರ್, ಜೆಫ್ ಟ್ವೀಡಿ ಇಬ್ಬರೂ ಹೈಸ್ಕೂಲ್ ಗೆಳೆಯರು. ಡ್ರಮ್ಸ್‌ಗೆ ಮೈಕ್ ಹೈಡಾರ್ನ್. ಹಳ್ಳಿಗಾಡಿನ ಹಳೇ ಹಾಡಿಗೆ ಪಂಕ್ ರಾಕ್‌ನ ಗದ್ದಲ ಬೆರೆಸಿದರು. 1990ರಲ್ಲಿ ಮೊದಲ ಆಲ್ಬಂ, 1993ರಲ್ಲಿ ನಾಲ್ಕನೆಯದು, ಅದೇ ಕೊನೆಯದು. 1994ರ ಮೇ 1ರಂದು ಸೇಂಟ್ ಲೂಯಿಸ್‌ನಲ್ಲಿ ಕಡೇ ಕಾರ್ಯಕ್ರಮ. ಗೆಳೆಯರು ಬೇರೆಯಾದರು. ಫರಾರ್ ‘ಸನ್ ವೋಲ್ಟ್’ ಕಟ್ಟಿದ, ಟ್ವೀಡಿ ‘ವಿಲ್ಕೊ’ ಕಟ್ಟಿದ.

ನಾನು ವಿಲ್ಕೊ ಮೆಚ್ಚಿದವನು. ಅದರ ಬೇರು ಹುಡುಕುತ್ತಾ ಇವರನ್ನು ಮುಟ್ಟುವಷ್ಟರಲ್ಲಿ ತಂಡ ಒಡೆದು ಎಷ್ಟೋ ವರ್ಷಗಳಾಗಿದ್ದವು.

ಹೆಚ್ಚು ಕಾಡಿದ್ದು ಮೂರನೆಯ ಆಲ್ಬಂ. 1992ರ ಮಾರ್ಚ್ 16ರಿಂದ 20, ಐದೇ ದಿನದ ಧ್ವನಿಮುದ್ರಣ. ಆ ತಾರೀಖುಗಳೇ ಅದರ ಹೆಸರು! ‘ಆರ್.ಇ.ಎಂ.’ ತಂಡದ ಪೀಟರ್ ಬಕ್ ನಿರ್ಮಾಪಕ. ಅಬ್ಬರವಿಲ್ಲ. ಕಲ್ಲಿದ್ದಲ ಗಣಿಯವರ, ಕಳ್ಳಭಟ್ಟಿಯವರ ಹಳೇ ಹಾಡುಗಳೂ ಇವೆ. ಫರಾರ್‌ನದು ಭಾರದ ದನಿ, ಟ್ವೀಡಿಯದು ಒರಟು ದನಿ. ಎರಡೂ ಕೂಡಿದಾಗ, ‘ಇನ್ನೆರಡೇ ವರ್ಷ ಕಣ್ರಪ್ಪಾ!’ ಅಂತ ಕೂಗಿ ಹೇಳೋಣ ಅನ್ನಿಸುತ್ತೆ. ಅಂದು ಕೇಳಿದವರಿಗೆ ಅದು ಹಾಡು. ತಡವಾಗಿ ಬಂದವನಿಗೆ ಅದೇ ವಿದಾಯ.

ನನಗೂ ಒಬ್ಬ ಗೆಳೆಯನಿದ್ದಾನೆ. ನಾವು ಮಾತು ಬಿಟ್ಟು ಏಳು ವರ್ಷವಾಯ್ತು. ಈ ಹಾಡುಗಳು ಅವನಿಗೆ ಹಿಡಿಸುತ್ತವೆ ಅಂತ ನನಗೆ ಚೆನ್ನಾಗಿ ಗೊತ್ತು. ಮೊದಲು ಯಾರು ಮಾತಾಡಿಸಬೇಕು, ನೀವೇ ಹೇಳಿ?