ಹಿಡಕಲ್ಲಿನ ಕೆಳಗೆ ಗಾಳ ಹಾಕುವ ಮುನ್ನ

ದೀಪಾವಳಿ ಸೂಟಿಗೆ ಪುಣೆಯಿಂದ ಬಂದ ಮೊಮ್ಮಗನ ಕೈಯಲ್ಲಿ ಮಡಚುವ ಗಾಳದ ಕೋಲು ಇತ್ತು. ಮೊಬೈಲಿನಲ್ಲಿ ಯಾರೋ ಟ್ರೌಟ್ ಮೀನು ಹಿಡಿಯುವುದನ್ನು ನೋಡಿ ಬಂದಿದ್ದ.

"ಅಜ್ಜಾ, ನಮ್ಮ ಘಟಪ್ರಭಾದಾಗ ಟ್ರೌಟ್ ಸಿಗತಾವೇನು?"

"ಇಲ್ಲೋ ತಮ್ಮಾ. ಅದು ಥಂಡಿ ನೀರಿನ ಮೀನು. ಬ್ರಿಟಿಷರು ತಂದು ಕಾಶ್ಮೀರದಾಗ, ನೀಲಗಿರಿಯಾಗ ಬಿಟ್ಟರು. ನಮ್ಮ ಬಿಸಿಲಿನ ನೀರಾಗ ಅದು ಬದುಕೂದಿಲ್ಲ. ಇಲ್ಲಿ ಕಾಟ್ಲಾ, ರೋಹು, ಮೃಗಾಲ್ ಅದಾವು."

"ಹಂಗಾದ್ರ ಅವನ್ನ ಹಿಡಿಯೂಣು ನಡಿ."

ಮರುದಿನ ಗೋಕಾಕದಿಂದ ಬಸ್ಸು ಹಿಡಿದು, ಆಮೇಲೆ ಟಂಟಂ ಹತ್ತಿ, ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟಿಗೆ ಹೋದೆವು. ಇದರ ಹೆಸರು ರಾಜಾ ಲಖಮಗೌಡ ಜಲಾಶಯ. ತುಂಬಿದಾಗ ಸುಮಾರು 51 ಟಿಎಂಸಿ ನೀರು ಹಿಡಿಯುತ್ತದೆ. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆ ಇಲ್ಲಿ ನಿಂತು, ಗೇಟು ತೆರೆದಾಗ ಮತ್ತೆ ನದಿಯಾಗಿ ಧೂಪದಾಳ, ಗೋಕಾಕ ಫಾಲ್ಸ್, ಗೋಕಾಕ ದಾಟಿ ಮೂಡಲಗಿ ಸೀಮೆಯ ಕಡೆಗೆ ಇಳಿಯುತ್ತದೆ.

ಅಣೆಕಟ್ಟಿನ ಕೆಳಗಿನ ಬಂಡೆಗಳನ್ನು ನೋಡಿದ ಕೂಡಲೇ ಮೊಮ್ಮಗ ಕೋಲು ಬಿಚ್ಚತೊಡಗಿದ. ನಾನು ಅವನ ಕೈ ಹಿಡಿದೆ. ಅದೇ ಬಂಡೆಗಳ ನೆನಪು ನನಗೆ ಇನ್ನೂ ಆರಿಲ್ಲ.

ಸುಮಾರು ನಲವತ್ತು ವರ್ಷದ ಹಿಂದಿನ ಮಾತು. ಆಗ ನಾನು ಹುಕ್ಕೇರಿಯಲ್ಲಿ ಬ್ಯಾಂಕಿನ ಗುಮಾಸ್ತ. ಒಂದು ರವಿವಾರ ಗೆಳೆಯನೊಬ್ಬನ ಜೊತೆ ಗಾಳ ಹಿಡಿದು ಇದೇ ನದಿಗೆ ಇಳಿದಿದ್ದೆ. ನಡುವಿನ ಬಂಡೆಯ ಮೇಲೆ ಬುತ್ತಿ ಬಿಚ್ಚಿ ಕುಳಿತೆವು. ದೂರದಲ್ಲಿ ಭೋಂಗಾ ಕೂಗಿತು. ಮಿಲ್ಲಿನ ಭೋಂಗಾ ಕೇಳಿಯೇ ಬೆಳೆದ ನಾನು, "ಯಾವುದೋ ಕಾರ್ಖಾನೆಯದು" ಅಂದೆ. ಸ್ವಲ್ಪ ಹೊತ್ತಿಗೆ ದಡದಲ್ಲಿ ಹರಿಗೋಲು ಕಟ್ಟುತ್ತಿದ್ದ ಮುದುಕ ಅಂಬಿಗನೊಬ್ಬ ಗಂಟಲು ಹರಿದು ಕೂಗಿದ: "ಸಾಹೇಬ್ರ, ಮ್ಯಾಲ ಬರ್ರಿ! ನೀರ ಬಿಟ್ಟಾರ!" ಬರುವಾಗ ಪಾದ ಮುಳುಗಿದ್ದ ಜಾಗದಲ್ಲಿ, ಹಿಂದಿರುಗುವಾಗ ನೀರು ಸೊಂಟಕ್ಕಿತ್ತು. ಆ ಮುದುಕ ಹಗ್ಗ ಎಸೆಯದಿದ್ದರೆ ಇಂದು ನಿಮಗೆ ಈ ಕಥೆ ಹೇಳಲು ನಾನು ಇರುತ್ತಿರಲಿಲ್ಲ. ನಮ್ಮ ಬುತ್ತಿ, ಚಪ್ಪಲಿ, ಗಾಳ ಎಲ್ಲವೂ ತೇಲಿ ಹೋದವು.

ಮಕ್ಕಳೇ, ಅಣೆಕಟ್ಟಿನ ಕೆಳಗಿನ ನದಿಯನ್ನು ಆಕಾಶ ನೋಡಿ ತಿಳಿಯಲಾಗದು. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲಿನ ಘಟ್ಟದಲ್ಲಿ ಮಳೆ ಬಿದ್ದಿರಬಹುದು, ಗೇಟು ತೆರೆದಿರಬಹುದು. 2019ರ ಆಗಸ್ಟ್ ತಿಂಗಳಲ್ಲಿ ಇದೇ ಘಟಪ್ರಭೆ ಗೋಕಾಕ ಪೇಟೆಯೊಳಗೇ ನುಗ್ಗಿದ್ದನ್ನು ನಾವು ಕಂಡಿದ್ದೇವೆ.

"ಆದ್ರ ಅಜ್ಜಾ, ಮೀನ ಇಲ್ಲೇ ಯಾಕ ಹೆಚ್ಚು ಇರತಾವು?" ಮೊಮ್ಮಗ ಕೇಳಿದ.

ಒಳ್ಳೆಯ ಪ್ರಶ್ನೆ. ಮಳೆಗಾಲದ ಹೊಸ ನೀರು ಬಂದಾಗ ಈ ಮೀನುಗಳು ಮೊಟ್ಟೆ ಇಡಲು ಪ್ರವಾಹಕ್ಕೆ ಎದುರಾಗಿ ಈಜುತ್ತವೆ. ಗೋಡೆ ಅಡ್ಡ ಬಂದಾಗ, ಬಾಗಿಲು ಹಾಕಿದ ಮನೆಯ ಮುಂದೆ ನಿಂತ ನೆಂಟರಂತೆ ಅಲ್ಲಿಯೇ ಗುಂಪುಗೂಡುತ್ತವೆ. ಆಗ ಬಲೆ ಬೀಸಿದರೆ ಬುಟ್ಟಿ ತುಂಬುತ್ತದೆ ನಿಜ. ಆದರೆ ಒಂದು ದೊಡ್ಡ ಕಾಟ್ಲಾದ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆ ಇರುತ್ತವೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಬಡ್ಡಿ ತಿನ್ನಬೇಕು, ಅಸಲಿಗೆ ಕೈ ಹಾಕಬಾರದು. ಮೊಟ್ಟೆ ಹೊತ್ತ ಮೀನೇ ಅಸಲು.

ಅದಕ್ಕೇ ಕಾಯ್ದೆಗಳಿವೆ. ನದಿಗೆ ಮದ್ದುಗುಂಡು ಎಸೆದು, ವಿಷ ಬೆರೆಸಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದಿತು. ನಮ್ಮ ರಾಜ್ಯಕ್ಕೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ. ಜಲಾಶಯ, ಕೆರೆ, ನದಿಗಳ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆ ಇಲ್ಲವೇ ಪರವಾನಗಿಯ ಮೂಲಕ ಕೊಡುತ್ತದೆ. ಅದಕ್ಕೆ ಹಣ ಕಟ್ಟಿ, ಹರಿಗೋಲು ಹಾಕಿ ಬದುಕುವ ಕುಟುಂಬಗಳಿವೆ. ನಮಗೆ ಆಟವೆನಿಸುವುದು ಅವರಿಗೆ ಅನ್ನ.

ಹಿಂದಿರುಗುವಾಗ ಧೂಪದಾಳದಲ್ಲಿ ಇಳಿದೆವು. ಇಲ್ಲಿಯ ಒಡ್ಡು ಬ್ರಿಟಿಷರ ಕಾಲದ್ದು. ಅದರ ಹಿನ್ನೀರಿನ ಸುತ್ತ 1974ರಿಂದ ಘಟಪ್ರಭಾ ಪಕ್ಷಿಧಾಮವಿದೆ. ಚಳಿಗಾಲಕ್ಕೆ ದೂರದ ದೇಶಗಳಿಂದ ಹಕ್ಕಿಗಳು ಬಂದಿಳಿಯುತ್ತವೆ. ಇಲ್ಲಿ ಅರಣ್ಯ ಇಲಾಖೆಯ ಕಾನೂನು. ಅನುಮತಿ ಇಲ್ಲದೆ ಗಾಳ ಹಿಡಿದು ಇಳಿಯುವಂತಿಲ್ಲ. ಕೊಕ್ಕರೆಯೊಂದು ನೀರಿನಲ್ಲಿ ಒಂಟಿಗಾಲಲ್ಲಿ ನಿಂತಿತ್ತು. "ಇದಕ್ಕ ಪರವಾನಗಿ ಬೇಡೇನು?" ಎಂದ ಮೊಮ್ಮಗ. ಇಬ್ಬರೂ ನಕ್ಕೆವು.

ಸಂಜೆ ಗೋಕಾಕ ಫಾಲ್ಸಿನ ತೂಗುಸೇತುವೆಯ ಮೇಲೆ ನಿಂತು, ನೀರು ಸುಮಾರು 170 ಅಡಿ ಕೆಳಗೆ ಬೀಳುವುದನ್ನು ನೋಡಿದೆವು. ಮೊಮ್ಮಗ ಕೋಲನ್ನು ಚೀಲದಿಂದ ತೆಗೆಯಲೇ ಇಲ್ಲ.

"ಮುಂದಿನ ಸೂಟಿಗೆ ಏನ ಮಾಡೂಣು ಅಜ್ಜಾ?"

"ಮೊದಲ ಮೀನುಗಾರಿಕೆ ಇಲಾಖೆ ಕಚೇರಿಗೆ ಹೋಗಿ, ಎಲ್ಲಿ ಗಾಳ ಹಾಕಬಹುದು ಅಂತ ಕೇಳೂಣು. ಆಮೇಲೆ ಆ ನೀರು ಬಲ್ಲ ಅಂಬಿಗರನ್ನ ಕೇಳೂಣು. ಆಮೇಲೆ ಗಾಳ."

"ಭೋಂಗಾ ಕೂಗಿದ್ರ?"

"ಅದು ಯಾರದು ಅಂತ ಯೋಚನೆ ಮಾಡಕೋತ ಕೂಡಬಾರದು. ಗಾಳ ಬಿಟ್ಟು ದಂಡಿ ಹತ್ತಬೇಕು."

ಮೀನು ಸಿಗದ ಬೇಸರಕ್ಕೆ ಊರಲ್ಲಿ ಅರ್ಧ ಕಿಲೋ ಕರದಂಟು ಕೊಂಡೆವು. ಮನೆ ಮುಟ್ಟುವ ಹೊತ್ತಿಗೆ ಅದೂ ಅರ್ಧ ಖಾಲಿಯಾಗಿತ್ತು. ಅಜ್ಜಿ ಚೀಲ ನೋಡಿ, "ಎಷ್ಟು ಮೀನ ಬಿದ್ದೂವು?" ಎಂದಳು.

"ಒಂದೂ ಇಲ್ಲ ಅಜ್ಜಿ," ಎಂದ ಮೊಮ್ಮಗ, "ಆದ್ರ ಅಜ್ಜನ ಚಪ್ಪಲಿ ಎಲ್ಲಿ ಹೋದೂವು ಅಂತ ಗೊತ್ತಾತು."