ಒಂದೇ ಸೂರಿನಡಿ ಇಬ್ಬರು ಚಿತ್ರಕಾರರು

ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ, ಕಸ್ತೂರಬಾ ರಸ್ತೆಯ ಮಗ್ಗುಲಲ್ಲಿ, 1877ರಲ್ಲಿ ಕಟ್ಟಿದ ಕೆಂಪು ಬಣ್ಣದ ವಸ್ತುಸಂಗ್ರಹಾಲಯವನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿಯನ್ನು ಸ್ಮರಿಸುವ ಆತಕೂರಿನ ಶಾಸನವನ್ನು ಮಕ್ಕಳಿಗೆ ತೋರಿಸಲೆಂದು ಅಲ್ಲಿಗೆ ಹೋದವರೂ ಉಂಟು. ಆದರೆ ಅದಕ್ಕೆ ಹೊಂದಿಕೊಂಡಂತೆಯೇ ಇರುವ ವೆಂಕಟಪ್ಪ ಚಿತ್ರಶಾಲೆಯೊಳಕ್ಕೆ ಕಾಲಿಟ್ಟವರು ಬಹು ಮಂದಿಯಲ್ಲ. ಈ ಚಿತ್ರಶಾಲೆಯು ಕನ್ನಡನಾಡಿನ ಇಬ್ಬರು ಚಿತ್ರಕಾರರಿಗೆ ಆಶ್ರಯವಿತ್ತಿದೆ. ಅವರು ಸ್ವಭಾವದಲ್ಲಿ ಉತ್ತರ ದಕ್ಷಿಣ ಧ್ರುವಗಳು. ಒಬ್ಬರ ಪಕ್ಕದಲ್ಲಿ ಇನ್ನೊಬ್ಬರನ್ನು ನೋಡಿದಾಗಲೇ ಇಬ್ಬರ ನಿಜವೂ ತಿಳಿಯುವುದೆಂದು ನಮಗೆ ತೋರಿತು.

ಕೆ. ವೆಂಕಟಪ್ಪನವರು (1886–1965) ಮೈಸೂರಿನ ಅರಮನೆಯನ್ನು ಆಶ್ರಯಿಸಿದ್ದ ಚಿತ್ರಗಾರರ ಮನೆತನದವರು. ಕಲಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಕೆ. ಕೆ. ಹೆಬ್ಬಾರರು (1911–1996) ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಂದ ಪ್ಯಾರಿಸ್ಸಿನವರೆಗೂ ಹೋಗಿಬಂದವರು. ಇಬ್ಬರ ನಡುವೆ ಇಪ್ಪತ್ತೈದು ವರ್ಷಗಳ ಅಂತರವಿದ್ದರೂ, ಹಿರಿಯರು ಕಣ್ಮರೆಯಾಗುವ ಹೊತ್ತಿಗೆ ಕಿರಿಯರು ಪ್ರಸಿದ್ಧಿಯ ಶಿಖರವನ್ನು ಸೇರಿದ್ದರು.

ವೆಂಕಟಪ್ಪನವರ ಉದಕಮಂಡಲ ಮತ್ತು ಕೊಡೈಕನಾಲಿನ ಜಲವರ್ಣಚಿತ್ರಗಳ ಮುಂದೆ ನಾವು ಬಹಳ ಹೊತ್ತು ನಿಂತೆವು. ಚಿತ್ರಗಳು ದೊಡ್ಡವಲ್ಲ. ಮಂಜು ಮುಸುಕಿದ ಬೆಟ್ಟ, ನಿಶ್ಚಲವಾದ ಕೊಳ, ನೀರಿನಲ್ಲಿ ತಲೆಕೆಳಗಾಗಿ ನಿಂತ ಮರಗಳು—ಇಷ್ಟೇ. ಮನುಷ್ಯನ ಸುಳಿವಿಲ್ಲ, ಕುಂಚ ಆಡಿದ ಗುರುತೂ ಕಾಣದು. ಮೊದಲ ನೋಟಕ್ಕೆ ಬರಿಯ ಬೂದುಬಣ್ಣವೆಂದು ತೋರಿದ ಆಕಾಶದಲ್ಲಿ, ಕಣ್ಣು ಒಗ್ಗಿದಂತೆಲ್ಲ, ಮೊದಲು ನಸುನೀಲಿಯೂ ಬಳಿಕ ತೆಳುವಾದ ಕೆಂಪೂ ಮೂಡಿ ಬಂದುವು. ವೆಂಕಟಪ್ಪನವರು ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಅಭ್ಯಾಸಮಾಡಿದವರೆಂಬುದು ಆಗ ನಮ್ಮ ನೆನಪಿಗೆ ಬಂದಿತು. ಒಂದೇ ಸ್ವರವನ್ನು ಹಿಡಿದು ಅದರ ಸುತ್ತ ನಿಧಾನವಾಗಿ ರಾಗವನ್ನು ಬೆಳೆಯಿಸುವ ವೈಣಿಕನ ತಾಳ್ಮೆಯೇ ಈ ಮಂಜಿನಲ್ಲಿಯೂ ಇರುವುದು.

ಅಲ್ಲಿಂದ ಹೆಬ್ಬಾರರ ಚಿತ್ರಗಳ ಬಳಿಗೆ ಬಂದರೆ, ಪೂಜೆ ಮುಗಿದ ಗರ್ಭಗುಡಿಯಿಂದ ಜಾತ್ರೆಯ ಬೀದಿಗೆ ಇಳಿದಂತೆ. ದುಡಿಯುವವರು, ಕುಣಿಯುವವರು, ಹಸಿದವರು, ಹಬ್ಬದವರು ಎಲ್ಲರಿಗೂ ಇವರ ಕಲೆಯಲ್ಲಿ ಎಡೆಯುಂಟು. ತೈಲವರ್ಣವು ದಪ್ಪವಾಗಿ ಮೆತ್ತಿಕೊಂಡಿದೆ. ರೇಖೆಯು ಕ್ಷಣಕಾಲವೂ ನಿಲ್ಲದೆ ಓಡುತ್ತದೆ. ರೇಖೆಗೆ ಲಯಬೇಕೆಂದು ಕಥಕ್ ನೃತ್ಯವನ್ನೇ ಕಲಿತ ಚಿತ್ರಕಾರರಿವರು. ನಾಲ್ಕಾರು ಗೆರೆಗಳಲ್ಲಿ ಒಂದು ದೇಹದ ಬಾಗು ಬಳುಕನ್ನೆಲ್ಲ ಹಿಡಿದಿಡುವ ಅವರ ಕೈಚಳಕವನ್ನು ಕಂಡಾಗ, ಆ ಅಭ್ಯಾಸವು ವ್ಯರ್ಥವಾಗಲಿಲ್ಲವೆಂದು ಯಾರಾದರೂ ಒಪ್ಪುವರು.

ಬಾಳಿನಲ್ಲಿಯೂ ಇವರ ದಾರಿಗಳು ಬೇರೆಯೇ. ವೆಂಕಟಪ್ಪನವರು ಮದುವೆಯಾಗಲಿಲ್ಲ, ತಾವು ಬರೆದುದನ್ನು ಸುಲಭವಾಗಿ ಕೈಬಿಡಲೂ ಇಲ್ಲ. 1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ದಿವಂಗತರಾದ ಬಳಿಕ, ಅರಮನೆಗಾಗಿ ತಾವು ಮಾಡಿದ ಗಾರೆಯ ಉಬ್ಬುಚಿತ್ರಗಳ ವಿಷಯದಲ್ಲಿ ವಿವಾದವುಂಟಾಗಲು, ಆಶ್ರಯದಾತರ ಮನೆಯ ಮೇಲೆಯೇ ನ್ಯಾಯಸ್ಥಾನಕ್ಕೆ ಹೋದ ಛಲಗಾರರವರು. ಕಲೆಗಾರನು ಬೇಡುವವನಲ್ಲ, ತನ್ನ ದುಡಿಮೆಗೆ ಹಕ್ಕುದಾರನೆಂಬುದನ್ನು ಅವರು ಒಂಟಿಯಾಗಿ ನಿಂತು ಸಾಧಿಸಹೊರಟರು. ಹೆಬ್ಬಾರರಾದರೋ ಸಂಸಾರಿಗಳು, ಜನಪ್ರಿಯರು. 1961ರಲ್ಲಿ ಪದ್ಮಶ್ರೀಯನ್ನೂ 1989ರಲ್ಲಿ ಪದ್ಮಭೂಷಣವನ್ನೂ ಪಡೆದವರು. ಮುಂಬಯಿಯಲ್ಲಿ ನೆಲೆಸಿದ್ದರೂ ಹುಟ್ಟಿದ ನಾಡನ್ನು ಮರೆಯದೆ, ತಮ್ಮ ಚಿತ್ರಗಳನ್ನು ಈ ಚಿತ್ರಶಾಲೆಗೆ ಕಾಣಿಕೆಯಾಗಿ ಕೊಟ್ಟರು. ಬಚ್ಚಿಟ್ಟವರ ನಿಧಿಯೂ ಹಂಚಿದವರ ನಿಧಿಯೂ ಕಡೆಗೆ ಒಂದೇ ಮನೆಯನ್ನು ಸೇರಿದುದು ವಿಚಿತ್ರವಾದರೂ ನಾಡಿನ ಭಾಗ್ಯವೇ ಸರಿ.

ಈ ಭಾಗ್ಯವು ತಾನಾಗಿ ಉಳಿಯುವಂಥದಲ್ಲ. ಜಲವರ್ಣಚಿತ್ರಕ್ಕೆ ಆಧಾರವು ಕಾಗದ. ಬೆಳಕು ಹೆಚ್ಚಾದರೆ ಬಣ್ಣ ಮಾಸುವುದು, ತೇವ ತಗುಲಿದರೆ ಬೂಸಲು ಹಿಡಿಯುವುದು. 2016ರಲ್ಲಿ ಈ ಚಿತ್ರಶಾಲೆಯ ಮೇಲ್ವಿಚಾರಣೆಯನ್ನು ಖಾಸಗಿ ಸಂಸ್ಥೆಯೊಂದಕ್ಕೆ ವಹಿಸುವ ಸೂಚನೆ ಬಂದಾಗ ನಗರದ ಕಲಾವಿದರು ಒಟ್ಟುಗೂಡಿ ಪ್ರತಿಭಟಿಸಿದರು. ಇದು ಸಾರ್ವಜನಿಕರ ಸ್ವತ್ತೆಂಬುದು ಅವರ ವಾದ. ವಾದವು ಸರಿಯಾದುದೇ. ಆದರೆ ಸಾರ್ವಜನಿಕರೆಂದರೆ ಯಾರು? ನಾವೂ ನೀವೂ ಅಲ್ಲವೆ? ಒಡೆಯನು ವರ್ಷಕ್ಕೊಮ್ಮೆಯಾದರೂ ಹೊಕ್ಕು ನೋಡದ ಮನೆಯನ್ನು ಕಾವಲುಗಾರನೊಬ್ಬನೇ ಎಷ್ಟು ದಿನ ಕಾಯಬಲ್ಲನು?

ಆದುದರಿಂದ ಬೆಂಗಳೂರಿಗೆ ಹೋಗುವ ವಾಚಕರು, ತೆರೆದಿರುವ ವೇಳೆಯನ್ನು ವಿಚಾರಿಸಿಕೊಂಡು, ಒಂದು ಗಂಟೆಯನ್ನು ಇದಕ್ಕಾಗಿ ಮೀಸಲಿಡಬೇಕು. ವೆಂಕಟಪ್ಪನವರ ಚಿತ್ರಗಳನ್ನು ಹತ್ತಿರದಿಂದ, ಉಸಿರು ಬಿಗಿಹಿಡಿದು ನೋಡಿರಿ. ಹೆಬ್ಬಾರರವನ್ನು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿರಿ. ಇವರಲ್ಲಿ ಯಾರು ಹೆಚ್ಚೆಂದು ಮಕ್ಕಳು ಕೇಳಿದರೆ, ತೀರ್ಪುಕೊಡಲು ಅವಸರಪಡದೆ ಇನ್ನೊಂದು ಸುತ್ತು ಬನ್ನಿರಿ.