ಬಾಕಿ ಉಳಿದ ಬಾಡಿಗೆ

ಲಾಸ್ ಏಂಜಲೀಸ್ ನಗರದಲ್ಲಿ ಕೊರೊನಾದ ತುರ್ತು ಪರಿಸ್ಥಿತಿ ಅಧಿಕೃತವಾಗಿ ಕೊನೆಗೊಂಡಿದ್ದು 2023ರ ಫೆಬ್ರುವರಿ 1ರಂದು. ಅದನ್ನು ಘೋಷಿಸಿದ್ದು 2020ರ ಮಾರ್ಚ್ 4ರಂದು, ಆಗಿನ ಮೇಯರ್ ಎರಿಕ್ ಗಾರ್ಸೆಟ್ಟಿ. ಇದೇ ಗಾರ್ಸೆಟ್ಟಿ ಆಮೇಲೆ ಅಮೆರಿಕದ ರಾಯಭಾರಿಯಾಗಿ ದೆಹಲಿಗೆ ಬಂದರು. ಕೊನೆಯ ದಿನ ಯಾವುದೆಂದು ನಗರಸಭೆ ಹಿಂದಿನ ಡಿಸೆಂಬರ್‌ನಲ್ಲೇ ಮತ ಹಾಕಿ ಗೊತ್ತು ಮಾಡಿಟ್ಟಿತ್ತು. ಹಾಗಾಗಿ ಆ ದಿನ ಬಂದಾಗ ಯಾರಿಗೂ ಅಚ್ಚರಿಯಾಗಲಿಲ್ಲ. ಬಸ್ಸಿನಲ್ಲಿ ಕೆಲವರು ಮಾಸ್ಕ್ ಹಾಕಿದ್ದರು, ಹಲವರು ಹಾಕಿರಲಿಲ್ಲ. ಹಿಂದಿನ ದಿನವೂ ಹಾಗೆಯೇ ಇತ್ತು.

ಕನ್ನಡದಲ್ಲಿ ‘ತುರ್ತು ಪರಿಸ್ಥಿತಿ’ ಎಂದರೆ ಮೊದಲು ನೆನಪಾಗುವುದು 1975. ನಾನು ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲಿನ ಸಂಗತಿ ಅದು. ಆದರೂ ಮನೆಯ ಹಿರಿಯರ ಮಾತಿನಲ್ಲಿ ಆ ಪದವನ್ನು ಕೇಳುತ್ತಲೇ ಬೆಳೆದಿದ್ದೇನೆ. ಜೈಲು, ಸೆನ್ಸಾರ್, ಪಿಸುಮಾತು, ಕೊನೆಗೆ 1977ರ ಮಾರ್ಚ್‌ನಲ್ಲಿ ಅದು ತೊಲಗಿದಾಗಿನ ನಿಟ್ಟುಸಿರು. ಹೀಗಾಗಿ ಫೋನಿನಲ್ಲಿ ಅಪ್ಪನಿಗೆ “ಇಲ್ಲಿ ತುರ್ತು ಪರಿಸ್ಥಿತಿ ತೆಗೆದರು” ಎಂದಾಗ ಅವರು ಸಹಜವಾಗಿಯೇ, “ಒಳ್ಳೇದಾಯ್ತಲ್ಲಮ್ಮ, ಇನ್ನು ನೆಮ್ಮದಿಯಾಗಿ ಇರಬಹುದು” ಎಂದರು. ನಮ್ಮ ಕಟ್ಟಡದಲ್ಲಿ ಹಲವರ ನಿದ್ದೆ ಹಾರಿಹೋಗಿದ್ದೇ ಅದನ್ನು ತೆಗೆದದ್ದರಿಂದ ಎಂದು ಅವರಿಗೆ ವಿವರಿಸುವುದು ಸುಲಭವಿರಲಿಲ್ಲ.

ಈ ಘೋಷಣೆ ಒಂದು ಗೂಟದ ಹಾಗೆ. ಅದಕ್ಕೆ ಹಲವು ಹಗ್ಗಗಳನ್ನು ಕಟ್ಟಿದ್ದರು. ಕೊರೊನಾದಿಂದ ಕೆಲಸ ಕಳೆದುಕೊಂಡು ಬಾಡಿಗೆ ಕಟ್ಟಲಾಗದವರನ್ನು ಮನೆಯಿಂದ ಹೊರಹಾಕುವಂತಿಲ್ಲ ಎಂಬುದು ಒಂದು. 1978ರ ಅಕ್ಟೋಬರ್‌ಗೆ ಮೊದಲು ಕಟ್ಟಿದ ಕಟ್ಟಡಗಳಿಗೆ ಈ ಊರಿನಲ್ಲಿ ಬಾಡಿಗೆ ನಿಯಂತ್ರಣವಿದೆ. ಅಂಥ ಮನೆಗಳ ಬಾಡಿಗೆಯನ್ನು ಒಂದು ಡಾಲರ್ ಕೂಡ ಏರಿಸುವಂತಿಲ್ಲ ಎಂಬುದು ಇನ್ನೊಂದು. ಹೋಟೆಲಿನವರು ರಸ್ತೆ ಬದಿಯಲ್ಲಿ, ಪಾರ್ಕಿಂಗ್ ಜಾಗದಲ್ಲಿ ಮೇಜು ಕುರ್ಚಿ ಹಾಕಿಕೊಳ್ಳಬಹುದು ಎಂಬುದು ಮತ್ತೊಂದು. ಗೂಟ ಕಿತ್ತರೆ ಎಲ್ಲ ಹಗ್ಗಗಳೂ ಸಡಿಲವಾಗುತ್ತವೆ. ಯಾವುದನ್ನು ಉಳಿಸಿಕೊಳ್ಳಬೇಕೋ ಅದನ್ನು ಬೇರೆ ಗೂಟಕ್ಕೆ ಕಟ್ಟಬೇಕು. ಅರ್ಧಕ್ಕಿಂತ ಹೆಚ್ಚು ಕುಟುಂಬಗಳು ಬಾಡಿಗೆ ಮನೆಯಲ್ಲಿರುವ ಊರಿದು. ಇಲ್ಲಿ ಯಾವ ಹಗ್ಗ ಉಳಿಯುತ್ತದೆ ಎನ್ನುವುದು ರೋಗದ ಪ್ರಶ್ನೆಯಲ್ಲ, ಸೂರಿನ ಪ್ರಶ್ನೆ.

ನಾನಿದ್ದದ್ದು ಪಾಮ್ಸ್ ಎಂಬ ಬಡಾವಣೆಯ ಹಳೆಯ ಎರಡಂತಸ್ತಿನ ಕಟ್ಟಡದಲ್ಲಿ. ನನ್ನಂಥ ಸಂಶೋಧನಾ ವಿದ್ಯಾರ್ಥಿಗಳು, ನರ್ಸುಗಳು, ಅಡುಗೆಯವರು, ಒಬ್ಬ ನಿವೃತ್ತ ಬಸ್ ಡ್ರೈವರ್, ಹೀಗೆ ಒಂದು ಕೇರಿಯೇ ಅಲ್ಲಿತ್ತು. ಪಕ್ಕದ ಮನೆಯಲ್ಲಿ ಮೆಕ್ಸಿಕೊ ಮೂಲದ ಒಬ್ಬ ಹೆಂಗಸು. ವಯಸ್ಸು ಅರವತ್ತರ ಹತ್ತಿರ, ನನ್ನ ದೊಡ್ಡಮ್ಮನ ಓರಗೆಯವರು. ಒಂದು ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದಿದ್ದರು. 2020ರ ವಸಂತದಲ್ಲಿ ಆ ಕೆಲಸ ಹೋಯಿತು. ಮತ್ತೆ ಕರೆಸಿಕೊಂಡಾಗ ವಾರಕ್ಕೆ ಎರಡು ದಿನದ ಕೆಲಸ ಮಾತ್ರ. ಬಾಡಿಗೆ ಕೆಲವು ತಿಂಗಳು ಪೂರ್ತಿ ನಿಂತಿತು, ಕೆಲವು ತಿಂಗಳು ಅರ್ಧ ಕೊಟ್ಟರು. ಅವರಿಗೆ ಇಂಗ್ಲಿಷ್ ಸ್ವಲ್ಪ, ನನಗೆ ಸ್ಪ್ಯಾನಿಷ್ ಸ್ವಲ್ಪ. ನನ್ನನ್ನು ‘ಮಿಹಾ’ ಎಂದು ಕರೆಯುತ್ತಿದ್ದರು. ನಮ್ಮಲ್ಲಿ ‘ಮಗಳೇ’ ಎಂದ ಹಾಗೆ.

2023ರ ಆರಂಭದಲ್ಲಿ ಬಟ್ಟೆ ಒಗೆಯುವ ಕೋಣೆಯ ಬಾಗಿಲಿಗೆ ಒಂದು ನೋಟೀಸು ಅಂಟಿಸಿದರು. ಬಾಡಿಗೆದಾರರ ಹಕ್ಕುಗಳ ಬಗ್ಗೆ ನಗರದ ನೋಟೀಸು. “ಮಿಹಾ, ಇದರಲ್ಲಿ ಏನಿದೆ ಹೇಳು” ಎಂದರು. ಸ್ಪ್ಯಾನಿಷ್‌ನಲ್ಲೂ ಇತ್ತು, ಆದರೆ ಅದು ಕಾನೂನಿನ ಸ್ಪ್ಯಾನಿಷ್. ನಮ್ಮ ಊರಿನ ಕನ್ನಡದಲ್ಲಿ ಬರುವ ಸರ್ಕಾರಿ ಸುತ್ತೋಲೆ ನಮ್ಮ ಅಜ್ಜಿಗೆ ಎಷ್ಟು ಕನ್ನಡವೋ ಇದೂ ಅಷ್ಟೇ. ಒಗೆಯುವ ಯಂತ್ರದ ಮೇಲೆ ಕಾಗದ ಇಟ್ಟುಕೊಂಡು ಇಬ್ಬರೂ ಓದಿದೆವು. ಅದರಲ್ಲಿ ಮುಖ್ಯವಾದದ್ದು ಎರಡು ದಿನಾಂಕ. 2020ರ ಮಾರ್ಚ್‌ನಿಂದ 2021ರ ಸೆಪ್ಟೆಂಬರ್‌ವರೆಗಿನ ಬಾಕಿಯನ್ನು 2023ರ ಆಗಸ್ಟ್ 1ರೊಳಗೆ ಕಟ್ಟಬೇಕು. 2021ರ ಅಕ್ಟೋಬರ್‌ನಿಂದ 2023ರ ಜನವರಿವರೆಗಿನ ಬಾಕಿಯನ್ನು 2024ರ ಫೆಬ್ರುವರಿ 1ರೊಳಗೆ. ಮೊದಲ ಅವಧಿಯಲ್ಲಿ ಮಾಲೀಕರಿಗೆ ಸಕಾಲದಲ್ಲಿ ಒಂದು ಘೋಷಣಾ ಪತ್ರ ಕೊಟ್ಟವರಿಗೆ ರಾಜ್ಯದ ಕಾನೂನಿನಲ್ಲಿ ಬೇರೆ ರಕ್ಷಣೆ ಇತ್ತು. ಅಂಥದ್ದನ್ನು ಕೊಟ್ಟಿದ್ದೆನೋ ಇಲ್ಲವೋ ಅವರಿಗೆ ನೆನಪಿರಲಿಲ್ಲ. ಆ ತಿಂಗಳುಗಳಲ್ಲಿ ಎಷ್ಟೋ ಕಾಗದಗಳಿಗೆ ಸಹಿ ಹಾಕಿದ್ದರು.

ಆಗ ನನಗೆ ಹೊಳೆದದ್ದು ಇಷ್ಟು. ಮೂರು ವರ್ಷ ಯಾರೂ ಬಾಡಿಗೆಯನ್ನು ಮಾಫಿ ಮಾಡಿರಲಿಲ್ಲ. ಮುಂದಕ್ಕೆ ಹಾಕಿದ್ದರು ಅಷ್ಟೇ. ರೋಗ ಇಳಿಯುತ್ತಾ ಬಂದಂತೆ ಈ ಬಾಕಿ ಮಾತ್ರ ತಿಂಗಳು ತಿಂಗಳೂ ಏರುತ್ತಾ ಹೋಗಿತ್ತು.

ಇದನ್ನೆಲ್ಲ ಅಪ್ಪನಿಗೆ ಹೇಳಿದಾಗ ಅವರು ತುಸು ಹೊತ್ತು ಸುಮ್ಮನಿದ್ದು, “ಸರಿ, ಮನೆ ಕಟ್ಟಿದವನ ಸಾಲದ ಕಂತು ಯಾರು ಕಟ್ಟಬೇಕಮ್ಮ?” ಎಂದು ಕೇಳಿದರು. ಕೇಳುವ ಹಕ್ಕು ಅವರಿಗಿದೆ. ದಾವಣಗೆರೆಯ ನಮ್ಮ ಮನೆಯ ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಅಮ್ಮನ ಔಷಧಿಯ ಖರ್ಚು ನಡೆಯುವುದು ಅದರಲ್ಲಿ. 2020ರ ಲಾಕ್‌ಡೌನಿನಲ್ಲಿ ಮಹಡಿಯಲ್ಲಿದ್ದವರು ತಳ್ಳುಗಾಡಿಯಲ್ಲಿ ತಿಂಡಿ ಮಾರುವ ದಂಪತಿ. ಮೂರು ತಿಂಗಳು ಬಾಡಿಗೆ ಬರಲಿಲ್ಲ. ಆ ವರ್ಷ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯವೂ ಒಂದು ಆದೇಶ ಹೊರಡಿಸಿತ್ತು. ವಲಸೆ ಕಾರ್ಮಿಕರೂ ಸೇರಿದಂತೆ ಬಾಡಿಗೆ ಮನೆಯಲ್ಲಿರುವ ಕೆಲಸಗಾರರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದು, ಕಾರ್ಮಿಕರನ್ನಾಗಲಿ ವಿದ್ಯಾರ್ಥಿಗಳನ್ನಾಗಲಿ ಮನೆ ಬಿಡಿಸಿದರೆ ಕ್ರಮ ಕೈಗೊಳ್ಳಲಾಗುವುದು ಎಂದು. ನಮ್ಮ ಬೀದಿಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಮಾತ್ರ ಆ ದಂಪತಿಯ ಮುಂಗಡದಲ್ಲಿ ಒಂದು ತಿಂಗಳಿನದನ್ನು ಮುರಿದುಕೊಂಡು, ಉಳಿದ ಎರಡನ್ನು ಬಿಟ್ಟುಬಿಟ್ಟರು. ಅದನ್ನು ದಾನ ಎನ್ನಲು ಅವರು ಈಗಲೂ ಒಪ್ಪುವುದಿಲ್ಲ. “ಅವರಿಗೂ ಕಷ್ಟ, ನಮಗೂ ಕಷ್ಟ, ಹಂಚಿಕೊಂಡೆವು” ಎನ್ನುತ್ತಾರೆ.

ಹಂಚಿಕೊಳ್ಳುವ ಆ ಕೆಲಸವನ್ನು ಒಂದು ದೊಡ್ಡ ನಗರ ಹೇಗೆ ಮಾಡಬೇಕು? ಅಪ್ಪನ ಹಾಗೆ ಮಹಡಿಯ ಮೆಟ್ಟಿಲಲ್ಲಿ ನಿಂತು ಮಾತಾಡಿ ಮುಗಿಸಲು ಅದಕ್ಕೆ ಆಗುವುದಿಲ್ಲ. ಲಾಸ್ ಏಂಜಲೀಸ್ ಏನೂ ಮಾಡಲಿಲ್ಲ ಎಂದರೆ ಅನ್ಯಾಯವಾದೀತು. ಬಾಡಿಗೆದಾರರ ಸಂಘಗಳು ವರ್ಷಗಟ್ಟಲೆ ಪಟ್ಟು ಹಿಡಿದದ್ದರಿಂದ, ತುರ್ತು ಪರಿಸ್ಥಿತಿ ಮುಗಿಯುವ ಕೆಲವು ದಿನ ಮೊದಲು, ನಗರಸಭೆ ಕೆಲವು ಕಾಯಂ ನಿಯಮಗಳನ್ನು ಒಪ್ಪಿತು. ಸಕಾರಣವಿಲ್ಲದೆ ಯಾರನ್ನೂ ಬಿಡಿಸುವಂತಿಲ್ಲ. ಬಾಕಿ ಇದ್ದರೂ, ಅದು ಆ ಪ್ರದೇಶದ ಒಂದು ತಿಂಗಳ ನ್ಯಾಯಯುತ ಮಾರುಕಟ್ಟೆ ಬಾಡಿಗೆಯಷ್ಟನ್ನು ಮೀರುವವರೆಗೆ ಹೊರಹಾಕುವಂತಿಲ್ಲ. ಬಾಡಿಗೆ ಏರಿಕೆಗಿದ್ದ ತಡೆ ಮತ್ತೊಂದು ವರ್ಷ ಮುಂದುವರಿಯಿತು. ಹೋಟೆಲಿನವರ ಬೀದಿ ಮೇಜುಗಳಿಗೂ ಆ ವರ್ಷದ ಕೊನೆಗೆ ಕಾಯಂ ಜಾಗ ಸಿಕ್ಕಿತು. ಹಳೆಯ ಬಾಕಿಗೆ ಮಾತ್ರ ಬೇರೆ ಗೂಟ ಸಿಗಲಿಲ್ಲ.

ಇದರ ನಡುವೆ ಇನ್ನೊಂದು ನಡೆಯಿತು. 2022ರ ಡಿಸೆಂಬರ್ 12ರಂದು ಹೊಸ ಮೇಯರ್ ಕ್ಯಾರೆನ್ ಬ್ಯಾಸ್ ಅಧಿಕಾರದ ಮೊದಲ ದಿನವೇ ಒಂದು ತುರ್ತು ಪರಿಸ್ಥಿತಿ ಘೋಷಿಸಿದರು. ಈ ಸಲ ಮನೆಯಿಲ್ಲದೆ ಬೀದಿಯಲ್ಲಿ ಮಲಗುವವರ ಬಗ್ಗೆ. ಒಂದೇ ತಿಂಗಳಲ್ಲಿ ನಗರ ಒಂದು ತುರ್ತಿಗೆ ಕೊನೆಯ ದಿನ ಗೊತ್ತು ಮಾಡಿ ಇನ್ನೊಂದನ್ನು ಶುರು ಮಾಡಿತ್ತು. ಮೊದಲನೆಯದು ಬಾಡಿಗೆ ಕಟ್ಟಲಾಗದವರನ್ನು ಮನೆಯೊಳಗೆ ಉಳಿಸಿತ್ತು. ಎರಡನೆಯದು ಮನೆಯ ಹೊರಗೆ ಬಿದ್ದವರಿಗಾಗಿ.

ಅಮ್ಮನ ತವರು ಮಲೆನಾಡು. ಅಲ್ಲಿ ಹಿಂದೆ ಊರಿಗೆ ಜಾಡ್ಯ ಬಂದಾಗ ಮಾರಿಯನ್ನು ಗಡಿ ದಾಟಿಸುತ್ತಿದ್ದರು. ವಾದ್ಯ ಸಮೇತ ಹೊತ್ತೊಯ್ದು ಗಡಿಯಲ್ಲಿ ಇಟ್ಟು, ಹಿಂದಿರುಗಿ ನೋಡದೆ ಬರುವುದು. ನಮ್ಮೂರಿಗೆ ಅಲ್ಲಿಗೆ ಮುಗಿಯಿತು. ಆದರೆ ಆ ಗಡಿಯ ಆಚೆ ಇನ್ನೊಂದು ಊರಿತ್ತು. ಬೆಳಗಾಗುವುದರೊಳಗೆ ಅವರೂ ಅದನ್ನು ಹೊತ್ತು ಮುಂದಿನ ಗಡಿಗೆ ಸಾಗಿಸಬೇಕು. ಕೊನೆಯ ಊರಿನವರು ಏನು ಮಾಡುತ್ತಿದ್ದರು ಎಂದು ಚಿಕ್ಕಂದಿನಲ್ಲಿ ಅಮ್ಮನನ್ನು ಕೇಳಿದ್ದೆ. “ಯಾರಿಗೆ ಗೊತ್ತು, ಹೊಳೆಗೆ ಬಿಡುತ್ತಿದ್ದರೇನೋ” ಎಂದಿದ್ದಳು. ನಗರಸಭೆಯ ನಿರ್ಣಯವನ್ನು ಓದುವಾಗ ನನಗೆ ಈ ಗಡಿಯೇ ಕಣ್ಣಿಗೆ ಕಟ್ಟಿತು. ನಗರ ತನ್ನ ಗಡಿಯಲ್ಲಿ ಇಳಿಸಿದ್ದನ್ನು ಪಕ್ಕದ ಮನೆಯ ಹೆಂಗಸು ತನ್ನ ತಲೆಯ ಮೇಲೆ ಎತ್ತಿಕೊಳ್ಳಬೇಕಿತ್ತು. ಅವರ ಹತ್ತಿರ ಹೊಳೆ ಇರಲಿಲ್ಲ.

ಜುಲೈ ಕೊನೆಯ ವಾರದಲ್ಲಿ, ಆಗಸ್ಟ್ 1ಕ್ಕೆ ಮೊದಲೇ, ಅವರು ಮನೆ ಖಾಲಿ ಮಾಡಿದರು. ಬೇಕರ್ಸ್‌ಫೀಲ್ಡಿನಲ್ಲಿ ಮಗಳ ಮನೆ ಇದೆ, ಅಲ್ಲಿಗೆ. ಬಾಡಿಗೆದಾರರಿಗೆ ಉಚಿತ ಕಾನೂನು ಸಲಹೆ ಕೊಡುವ ಕಡೆ ಹೋಗೋಣ, ಹೋರಾಡಲು ದಾರಿಗಳಿವೆ ಎಂದು ನಾನೂ ನನ್ನ ರೂಮ್‌ಮೇಟ್ ಕೂಡ ಹೇಳಿ ನೋಡಿದೆವು. “ಕೋರ್ಟಿನ ಕಾಗದದಲ್ಲಿ ನನ್ನ ಹೆಸರು ಬೇಡ ಮಿಹಾ” ಎಂದರು. ಹೆಸರು ಒಮ್ಮೆ ಅಲ್ಲಿ ಬಂದರೆ ಮುಂದೆ ಯಾರೂ ಮನೆ ಕೊಡುವುದಿಲ್ಲ ಎಂಬ ಭಯ. ಎರಡು ಮಂಚ, ಒಂದು ಫ್ರಿಜ್ಜು, ಬಾಲ್ಕನಿಯ ಮೆಣಸಿನ ಕುಂಡಗಳು ಅಳಿಯನ ಟ್ರಕ್ಕಿನಲ್ಲಿ ಹೋದವು. ಅವರನ್ನು ಯಾರೂ ಹೊರಹಾಕಲಿಲ್ಲ. ಕೋರ್ಟಿನಲ್ಲಿ ದಾವೆಯಿಲ್ಲ, ಬಾಗಿಲಿಗೆ ಬೀಗ ಜಡಿಯಲು ಯಾರೂ ಬರಲಿಲ್ಲ. ಹೊರಹಾಕಲ್ಪಟ್ಟವರ ಯಾವ ಲೆಕ್ಕದಲ್ಲೂ ಅವರಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ 1995ರ ಒಂದು ಕಾನೂನಿದೆ. ಬಾಡಿಗೆ ನಿಯಂತ್ರಣವಿರುವ ಮನೆಯಿಂದಲೂ ಹಳೆಯ ಬಾಡಿಗೆದಾರ ತಾನಾಗಿ ಹೋದರೆ, ಮಾಲೀಕರು ಹೊಸಬರಿಗೆ ಮಾರುಕಟ್ಟೆ ದರ ಹಾಕಬಹುದು. ಆ ಮನೆಗೆ ಬಣ್ಣ ಬಳಿದು, ಹೊಸ ಒಲೆ ಇಟ್ಟು ಸೆಪ್ಟೆಂಬರ್‌ನಲ್ಲಿ ಬಾಡಿಗೆಗೆ ಕೊಟ್ಟರು. ಬಂದವನು ನನ್ನಂತೆಯೇ ಒಬ್ಬ ವಿದ್ಯಾರ್ಥಿ, ಪುಣೆಯ ಹುಡುಗ. ಮೊದಲಿದ್ದವರು ಎಷ್ಟು ಕೊಡುತ್ತಿದ್ದರು ಎಂದು ಒಂದು ದಿನ ಮೆಟ್ಟಿಲ ಹತ್ತಿರ ಕೇಳಿದ. ಹೇಳಿದೆ. ಅವನು ಕೊಡುತ್ತಿದ್ದುದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

“ಅಷ್ಟು ಕಡಿಮೆಗೆ ಸಿಕ್ಕಿತ್ತಾ? ಮತ್ತೆ ಯಾಕೆ ಬಿಟ್ಟು ಹೋದರು ದೀದಿ?” ಎಂದ. ಅವನ ಕೈಯಲ್ಲಿ ಬಟ್ಟೆಯ ಬುಟ್ಟಿ ಇತ್ತು. ನೋಟೀಸು ಇನ್ನೂ ಅದೇ ಬಾಗಿಲ ಮೇಲಿದೆ, ಒಮ್ಮೆ ಓದು ಎಂದೆ.